ಜೀಪಮ್ಮನ ಎರಡನೇ ಟ್ಯಾಂಕು

"ತಲೆ ಕಡೆ ಇನ್ನೂ ಸ್ವಲ್ಪ ಎತ್ತಿ, ಹಾಂ, ತಳ್ಳಿ," ಎನ್ನುತ್ತ ಮಗಳು ಅಮ್ಮನ ಶವಪೆಟ್ಟಿಗೆಯನ್ನು ಜೀಪಿನೊಳಕ್ಕೆ ಎಳೆದುಕೊಂಡಳು. ಕೆಳಗಿನಿಂದ ಕಲ್ಲು ಕ್ವಾರಿಯ ನಾಲ್ವರು ಹೆಗಲು ಕೊಟ್ಟರು. ಇಪ್ಪತ್ತೆರಡು ವರ್ಷ ಅವರನ್ನು ಬೆಟ್ಟ ಹತ್ತಿಸಿ, ಸಂಜೆ ಮನೆ ಮುಟ್ಟಿಸಿದವಳು ಆ ಅಮ್ಮ. ಊರಿಗೆಲ್ಲ ಜೀಪಮ್ಮ.

"ಹತ್ತು ಜನ ಕೂರೋ ಕಡೆ ಹದಿನಾಲ್ಕು ಜನರನ್ನ ತುರುಕ್ತಿದ್ಲು. ಇವತ್ತು ತಾನೊಬ್ಬಳೇ ಕಾಲು ಚಾಚ್ಕೊಂಡು ಮಲಗಿದಾಳೆ ನೋಡು," ಎಂದ ಮುದುಕನೊಬ್ಬ. ನಕ್ಕವರೇ ಕಣ್ಣೊರೆಸಿಕೊಂಡರು.

ಆಗ ಸೋದರಮಾವ ಬಂದ, ಕೈಯಲ್ಲಿ ಡೀಸೆಲ್ ಕ್ಯಾನು. ಊರಿಗಿದ್ದ ಒಂದೇ ಪೆಟ್ರೋಲ್ ಬಂಕು ಅವನದು.

"ದಾರೀಲಿ ನಿಂತ್ಬಿಟ್ರೆ ಚೆನ್ನಾಗಿರಲ್ಲ. ಹಾಕ್ಕೊಳಮ್ಮ."

ಮಗಳು ಕ್ಯಾನು ಮುಟ್ಟಲಿಲ್ಲ.

* * *

ಇಪ್ಪತ್ತೆರಡು ವರ್ಷದ ಹಿಂದೆ ಕ್ವಾರಿಗೆ ಜೀಪಮ್ಮನ ಅಣ್ಣನ, ಇದೇ ಸೋದರಮಾವನ, ಲಾರಿಗಳು ಜನರನ್ನು ಒಯ್ಯುತ್ತಿದ್ದವು, ಜಲ್ಲಿಯ ಮೇಲೆ ನಿಲ್ಲಿಸಿಕೊಂಡು. ತಂಗಿ ಹಳೇ ಜೀಪು ಕೊಂಡು ಸೀಟು ಹಾಕಿಸಿದಳು. ಜನ ಅತ್ತ ವಾಲಿದರು. ಅಣ್ಣ ಅವಳಿಗೆ ಡೀಸೆಲ್ ನಿಲ್ಲಿಸಿದ.

"ನನ್ನ ಬಂಕಿಲ್ದೆ ಎಷ್ಟು ದೂರ ಓಡಿಸ್ತೀಯೋ ನೋಡೇಬಿಡ್ತೀನಿ."

"ನೋಡ್ತಾ ಇರಣ್ಣ."

ಇನ್ನೊಂದು ಬಂಕಿಗೆ ಬೆಟ್ಟ ದಾಟಿ ನೂರೈವತ್ತು ಕಿಲೋಮೀಟರ್. ಹೋಗಿ ತುಂಬಿಸಿ ಮರಳುವಷ್ಟರಲ್ಲೇ ಅರ್ಧ ಖಾಲಿ. ವಾರವಿಡೀ ಓಡಿಸುವುದು ಹೇಗೆ? ಅವಳು ಜೀಪಿನಡಿ ಅಂಗಾತ ಮಲಗಿ ಗೇಣಿನಲ್ಲಿ ಜಾಗ ಅಳೆದಳು.

ಇನ್ನೊಂದು ಟ್ಯಾಂಕ್ ಕೂರಿಸಿಕೊಡು ಎಂದಾಗ ವೆಲ್ಡರ್ ತಲೆ ಕೆರೆದುಕೊಂಡ. "ಕಂಪನಿಯವರು ಒಂದೇ ಟ್ಯಾಂಕ್ ಕೊಟ್ಟಿರೋದಲ್ವೇನಕ್ಕಾ?"

"ಕಂಪನಿಯವರಿಗೆ ನಮ್ಮಣ್ಣನ ಪರಿಚಯ ಇಲ್ವಲ್ಲ."

ತಗಡಿನ ಟ್ಯಾಂಕು ಎರಡು ಸಲ ಸೋರಿತು. ಒಳಗೆ ಗಾಳಿ ಊದಿಸಿ, ಮೇಲೆ ಸೋಪಿನ ನೀರು ಬಳಿದು, ಗುಳ್ಳೆ ಎದ್ದಲ್ಲೆಲ್ಲ ಮತ್ತೆ ವೆಲ್ಡ್ ಮಾಡಿಸಿದಳು. ಮೂರನೇ ಸಲ ಒಂದು ಗುಳ್ಳೆಯೂ ಏಳಲಿಲ್ಲ. ಅಂದಿನಿಂದ ಭಾನುವಾರ ಬಂತೆಂದರೆ ಬೆಟ್ಟದಾಚೆ ಹೋಗಿ ಎರಡನ್ನೂ ತುಂಬಿಸಿಕೊಂಡು ಬರುತ್ತಿದ್ದಳು. ಅಣ್ಣನ ಬಂಕಿನ ಒಂದು ಹನಿಯೂ ಆ ಜೀಪಿಗೆ ಬೀಳಲಿಲ್ಲ.

* * *

"ಎರಡನೇ ಟ್ಯಾಂಕ್ ಇನ್ನೂ ತುಂಬಿದೆ ಮಾವ," ಎಂದಳು ಮಗಳು. "ಮೊನ್ನೆ ಭಾನುವಾರಾನೂ ಅಮ್ಮನೇ ಹೋಗಿದ್ಲು. ಎದೆನೋವು ಅಂತ ಬಾಯಿ ಬಿಡಲಿಲ್ಲ."

ಮಾವ ಕ್ಯಾನು ಕೆಳಗಿಟ್ಟ. ಅದರ ಮುಚ್ಚಳ ಬಿಗಿ ಮಾಡಿದ.

"ನಾನೂ... ಬರ್ಲಾ?"

"ಹಿಂದೆ ಹತ್ತಿ. ಎಲ್ಲರ ಜೊತೆ."

ಮಾವ ಹಿಂಬದಿಯ ಕಂಬಿ ಹಿಡಿದ. ಕ್ವಾರಿಯವನೊಬ್ಬ ಕೈಕೊಟ್ಟು ಅವನನ್ನು ಮೇಲಕ್ಕೆಳೆದುಕೊಂಡ.

ಸ್ಮಶಾನದ ದಾರಿ ಬಂಕಿನ ಮುಂದೆಯೇ ಇತ್ತು. ಯಜಮಾನ ಜೀಪಿನಲ್ಲಿರುವುದನ್ನು ಕಂಡು ಕೆಲಸದವನು ಪೈಪು ಹಿಡಿದು ರಸ್ತೆಯಂಚಿಗೆ ಓಡಿಬಂದ. ಮಗಳು ಹಾರ್ನ್ ಒತ್ತಿ ಹಿಡಿದಳು, ವೇಗ ಇಳಿಸಲಿಲ್ಲ. ಹಿಂದೆ, ಉಬ್ಬು ಹಾರಿದಾಗ ಪೆಟ್ಟಿಗೆ ಜಾರದಂತೆ, ಅಣ್ಣ ಮಂಡಿಯೂರಿ ಅದನ್ನು ಎರಡೂ ತೋಳಿನಿಂದ ಅವುಚಿ ಹಿಡಿದಿದ್ದ.