ತಲೆ ನನಗೆ, ಕಾಲು ಅವನಿಗೆ

ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಒಂದು ಪೆಟ್ಟಿಗೆ ತುಂಬ ಪೋಸ್ಟರುಗಳು. ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಕಾದಂಬರಿಗಳ ಜಾಹೀರಾತಿಗೆಂದು ಕಲ್ಲಚ್ಚಿನಲ್ಲಿ ತೆಗೆದು ಬೀದಿ ಗೋಡೆಗೆ ಅಂಟಿಸುತ್ತಿದ್ದಂಥವು. ನಾನೂ ತಮ್ಮನೂ ತಕರಾರಿಲ್ಲದೆ ಹಂಚಿಕೊಂಡೆವು, ಒಂದನ್ನು ಬಿಟ್ಟು. ದೀಪ ಹಿಡಿದು ಮೆಟ್ಟಿಲಿಳಿಯುವ ಹೆಂಗಸಿನ ಆ ಪೋಸ್ಟರು ಆಳೆತ್ತರದ್ದು. ಎರಡು ಹಾಳೆಯಲ್ಲಿ ಅಚ್ಚಾದದ್ದನ್ನು ಅಪ್ಪ ಜೋಡಿಸಿ, ಬೆನ್ನಿಗೆ ಬಟ್ಟೆ ಅಂಟಿಸಿ, ಮೇಲೆ ಎರಡು ಕುಣಿಕೆ ಹೊಲಿದಿದ್ದ. ಇಬ್ಬರೂ ಪಟ್ಟು ಬಿಡಲಿಲ್ಲ. ನ್ಯಾಯ ಹೇಳಲು ಬಂದ ಸೋದರಮಾವ, ಬೆಣ್ಣೆ ಹಂಚಲು ಬಂದ ಕೋತಿಯ ಹಾಗೆ, ಜೋಡಣೆಯ ಗುಂಟ ಬ್ಲೇಡು ಎಳೆದೇಬಿಟ್ಟ. ಮುಖ, ದೀಪ ನನಗೆ ಬಂದವು. ಲಂಗ, ಬೂಟು, ಅಡಿಯಲ್ಲಿದ್ದ ಕಾದಂಬರಿಯ ಹೆಸರು ಅವನಿಗೆ ಹೋದವು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಆಮೇಲೆ ನಾನು ಹುಡುಕಿ ಹುಡುಕಿ ಸಂಗ್ರಹ ಬೆಳೆಸಿದೆ. ನೋಡಲು ಬಂದವರೆಲ್ಲ ಆ ಮುಖದ ಮುಂದೆ ನಿಂತು, "ಇದು ಯಾವ ಪುಸ್ತಕದ್ದು?" ಅನ್ನುತ್ತಿದ್ದರು. ಕೇಳಿ ಕೇಳಿ ರೋಸಿಹೋಯಿತು. ಕೊನೆಗೊಂದು ದಿನ, ಕಾಲು ತಂದೇ ತೀರುವುದೆಂದು, ಅಂಚು ಕೂಡುತ್ತದೋ ನೋಡಲು ನನ್ನ ಅರ್ಧವನ್ನೂ ಸುರುಳಿ ಸುತ್ತಿಕೊಂಡು ತಮ್ಮನ ಟೈಲರ್ ಅಂಗಡಿಗೆ ನಡೆದೆ.

ಮಿಷನ್ನಿನಿಂದ ತಲೆಯೆತ್ತಿ "ಬಾ ಅಕ್ಕ, ಕೂತ್ಕೋ" ಅಂದ, ನಿನ್ನೆ ತಾನೇ ಬಂದುಹೋದವಳಿಗೆ ಅನ್ನುವ ಹಾಗೆ.

"ಕೂರೋಕೆ ಬಂದಿಲ್ಲ. ಆ ಕಾಲು ಕೊಡು. ಬದಲಿಗೆ ನನ್ನ ಹತ್ರ ಇರೋದ್ರಲ್ಲಿ ಯಾವುದು ಬೇಕಾದ್ರೂ ತಗೋ."

"ಕೊಡಲ್ಲ."

"ಅರ್ಧ ಇಟ್ಕೊಂಡು ಏನ್ ಮಾಡ್ತೀಯ?"

"ನೀನೇನ್ ಮಾಡ್ತಿದ್ದೀಯ?"

ಮೊಂಡುತನವನ್ನು ಮಾತ್ರ ಅಪ್ಪ ಇಬ್ಬರಿಗೂ ಸರಿಸಮ ಹಂಚಿದ್ದ.

ತಮ್ಮ ಕತ್ತರಿ ಕೆಳಗಿಟ್ಟು ನನ್ನ ಹಿಂದಿನ ಗೋಡೆ ತೋರಿಸಿದ. ಬೂಟುಗಳು ನೆಲದ ಹತ್ತಿರವೇ ಇದ್ದವು. ಲಂಗದ ಮೇಲೆ ಚಾವಣಿಯವರೆಗೂ ಗೋಡೆ ಬರಿದು. ಉಳಿದ ಮೂರು ಗೋಡೆಗೂ ಕಪಾಟು ಹೊಡೆದಿದ್ದರೂ ಜಾಗ ಸಾಲದೆ ಬಟ್ಟೆಯ ಗಂಟುಗಳು ನೆಲದ ಮೇಲೆ ಬಿದ್ದಿದ್ದವು. ಬರಿ ಗೋಡೆಯಲ್ಲಿ ಎರಡೇ ಮೊಳೆಗಳು.

"ಅಲ್ಲೊಂದು ಕಪಾಟು ಹೊಡೆಸೋಕೇನು ಧಾಡಿ?"

"ಅದು ನಿನ್ ಜಾಗ ಅಕ್ಕ."

ನನ್ನ ಮನೆಯಲ್ಲಿ ಆ ಮುಖದ ಕೆಳಗೆ ಬೀರು ಇದೆ. ಕಾಲು ಸಿಕ್ಕರೆ ಎಲ್ಲಿ ಹಾಕುವುದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇವನೇ ಗೆದ್ದನಲ್ಲ ಎಂದು ಸಿಟ್ಟು ಬಂತು.

"ಸ್ಟೂಲ್ ತಾ," ಅಂದೆ.

"ಕೊಡಕ್ಕ, ನಾನ್ ಹಾಕ್ತೀನಿ."

"ಮುಟ್ಟಬೇಡ. ನನ್ ಪಾಲು, ನಾನೇ ಹಾಕ್ತೀನಿ."

ಅವನು ಸ್ಟೂಲು ಅಲುಗದಂತೆ ಹಿಡಿದು ನಿಂತ. ಅಪ್ಪನ ಎರಡು ಕುಣಿಕೆಗಳೂ ಮೊಳೆಗಳಿಗೆ ಅಳತೆ ತೆಗೆದಂತೆ ಸಿಕ್ಕಿಕೊಂಡವು. ಕೆಳಗಿಳಿದು, ದೀಪದಿಂದ ಕಾದಂಬರಿಯ ಹೆಸರಿನವರೆಗೆ ನೋಡಿದೆ. ನಡುವೆ ಬೆರಳಗಲ ಸಂದು ಉಳಿದಿತ್ತು.

"ಮೊಳೆ ಸ್ವಲ್ಪ ಮೇಲಾಯ್ತು," ಅಂದ ತಮ್ಮ.

"ಇರಲಿ ಬಿಡು. ನಾಳೆ ಬಂದು ನಾನೇ ಸರಿಮಾಡ್ತೀನಿ."