ಎರಡು ಲಾಳಿ, ಎರಡು ಆಸಿಡ್

ದರ್ಜಿ ಅಕ್ಕನ ಹೊಲಿಗೆ ಯಂತ್ರಕ್ಕೆ ಇದ್ದದ್ದು ಎರಡೇ ಲಾಳಿ. ಬೆರಳುದ್ದದ ದೋಣಿಯಂಥವು, ಕೆಳನೂಲು ಹೊತ್ತು ಓಡಾಡುವವು. ಅವನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗಿತ್ತು. ಸೂರು ಸೋರಿ, ಅವನ್ನಿಟ್ಟಿದ್ದ ಡಬ್ಬಿಗೆ ನೀರು ನುಗ್ಗಿ ಎರಡಕ್ಕೂ ತುಕ್ಕು ಹಿಡಿದಿತ್ತು. ಲಾಳಿ ಹೋದರೆ ಯಂತ್ರ ಹೋಯಿತು, ಯಂತ್ರ ಹೋದರೆ ಅಕ್ಕನ ಅನ್ನ ಹೋಯಿತು.

ಅವಳ ತಮ್ಮ ನಲ್ಲಿಗಳಿಗೆ ನಿಕಲ್ ಹೊಳಪು ಹಾಕುವವನು. ಅಕ್ಕ ಲಾಳಿಗಳನ್ನು ಹಿಡಿದು ಅವನ ಅಂಗಡಿಗೆ ಬಂದಳು. “ಕೊಡಿಲ್ಲಿ. ನನ್ನ ಆಸಿಡ್‌ನಲ್ಲಿ ನೂರು ಎಣಿಸೋದ್ರೊಳಗೆ ಫಳಫಳ!” ಎಂದ.

ಅಕ್ಕ ಒಂದನ್ನು ಕೊಟ್ಟಳು. ಇನ್ನೊಂದನ್ನು ತಾನು ತಂದಿದ್ದ ವಿನೆಗರ್ ಬಟ್ಟಲಿಗೆ ಹಾಕಿದಳು.

“ಉಪ್ಪಿನಕಾಯಿ ಹಾಕ್ತಿದೀಯಾ?”

“ನಿನ್ನ ಆಸಿಡ್ ಇರೋ ಹಲ್ಲನ್ನೆಲ್ಲ ಒಂದೇ ಸಲ ಊರತ್ತೆ. ಇದು ಒಂದೊಂದೇ ಹಲ್ಲು ಊರಿ ಮೆಲ್ಲತ್ತೆ. ಇಂಥ ಮುದಿ ಲಾಳಿಗೆ ಅದೇ ಸರಿ.”

ತಮ್ಮ ತನಗೆ ಕೊಟ್ಟ ಲಾಳಿಯನ್ನು ತಂತಿಗೆ ಕಟ್ಟಿ ಬೆಚ್ಚಗಿನ ಆಸಿಡ್ ತೊಟ್ಟಿಗೆ ಇಳಿಬಿಟ್ಟು ಎಣಿಸತೊಡಗಿದ. ಗುಳ್ಳೆಗಳು ಬುಸಬುಸನೆ ಎದ್ದವು.

“ಇಪ್ಪತ್ತೆಂಟು, ಇಪ್ಪತ್ತೊಂಬತ್ತು...”

“ಲೋ, ಆ ಗುಳ್ಳೆ ತುಕ್ಕಿಂದಲ್ಲ, ಕಬ್ಬಿಣದ್ದು! ಲಾಳೀನೇ ತಿಂತಿದೆ, ತೆಗಿ!”

“ಎಣಿಕೆ ತಪ್ಪಿಸಿದೆ! ಒಂದು, ಎರಡು...”

ಎಣಿಕೆ ತಪ್ಪಿದರೆ ಮೊದಲಿಂದ ಎಣಿಸಬೇಕೆಂಬುದು ಅವನ ಅಂಗಡಿಯ ಶಾಸನ. ದಪ್ಪ ನಲ್ಲಿಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಅಕ್ಕ ಬೈದಂತೆಲ್ಲ ಅವನು ತಿರುಗಿ ಬೈದ. ಬೈದಂತೆಲ್ಲ ಮತ್ತೆ ಒಂದರಿಂದ ಶುರುಮಾಡಿದ. ಹೀಗೆ ಆರು ಸುತ್ತು. ಕೊನೆಗೆ ನೂರು ಮುಟ್ಟಿ ಮೇಲೆತ್ತಿದಾಗ ಲಾಳಿ ಫಳಫಳಿಸುತ್ತಿತ್ತು, ನಿಜ. ಆದರೆ ಮೂತಿ ಮೊಂಡಾಗಿ, ಮೈಯೆಲ್ಲ ಇಲಿ ಕಚ್ಚಿದ ಹಾಗೆ ಗುಳಿಬಿದ್ದಿತ್ತು.

ಇಬ್ಬರೂ ಬಟ್ಟಲಿನತ್ತ ತಿರುಗಿದರು. ಇನ್ನೊಂದು ಲಾಳಿಯೂ ಹೀಗಾದರೆ?

ಬಟ್ಟಲಿನಲ್ಲಿ ಆಗೊಂದು ಈಗೊಂದು ಗುಳ್ಳೆ, ಅಷ್ಟೇ. ಅಂಗಡಿಯ ಬಾಗಿಲು ಹಾಕಿ ತಮ್ಮ ಬಟ್ಟಲಿನ ಮುಂದೆ ಕುಳಿತ. ಮಧ್ಯಾಹ್ನವೆಲ್ಲ ಗಳಿಗೆಗೊಮ್ಮೆ ಲಾಳಿಯನ್ನು ಎತ್ತಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಮಗುವನ್ನು ಮಲಗಿಸುವಂತೆ ಮತ್ತೆ ಇಳಿಸಿದ. ಒಂದು ಸಲವೂ ಎಣಿಸಲಿಲ್ಲ. ಸಂಜೆಗೆ ತುಕ್ಕು ಕದಡಿದ ಮಣ್ಣಿನಂತೆ ತಳ ಸೇರಿತು. ಲಾಳಿಯ ಮೂತಿ ಚೂಪಾಗಿಯೇ ಉಳಿದಿತ್ತು.

ತೊಳೆದು, ಒರೆಸಿ, ಎಣ್ಣೆ ಸವರಿ, ಅಕ್ಕನ ಮನೆಗೆ ಒಯ್ದು ಯಂತ್ರಕ್ಕೆ ಕೂರಿಸಿದಾಗ ಅದು ಟಕಟಕ ಎಂದಿತು.

“ಅಂಗಿ ಬಿಚ್ಚು,” ಎಂದಳು ಅಕ್ಕ. ಜಗಳದಲ್ಲಿ ಆಸಿಡ್ ಹಾರಿ ಅಂಗಿಯ ತೋಳಿಗೆ ಮೂರು ತೂತು ಬಿದ್ದಿದ್ದವು. ಅವನ್ನು ಒಂದೂ ಮಾತಾಡದೆ ಹೊಲಿದುಕೊಟ್ಟಳು. ಅವನು ಅಂಗಿ ತೊಟ್ಟು ಗುಂಡಿ ಹಾಕುವವರೆಗೂ ಕಾದು, ಆಮೇಲೆ ಬೈಯಲು ಶುರುಮಾಡಿದಳು.