ಬೀಗಿತ್ತಿಯರ ಹಲ್ಲು

ಹಲ್ಲಿನವನ ಮನೆಗೆ ಬಂದವರು ಮೊದಲು ಮೂಗು ಮುಚ್ಚಿಕೊಂಡು ಆಮೇಲೆ ಕ್ಷೇಮ ವಿಚಾರಿಸುತ್ತಿದ್ದರು. ಅವರದ್ದೇನೂ ತಪ್ಪಿಲ್ಲ ಬಿಡಿ. ಆತ ಬಾಯಿ ಬೋಳಾದವರಿಗೆ ಹಲ್ಲಿನ ಸೆಟ್ಟು ಮಾಡುವವನು, ಮಾಡುತ್ತಿದ್ದದ್ದು ಅಡುಗೆಮನೆಯಲ್ಲಿ. ಗುಲಾಬಿ ಬಣ್ಣದ ಪುಡಿಯನ್ನು ಕಣ್ಣುರಿಸುವ ದ್ರಾವಣದಲ್ಲಿ ಕಲಸಿ, ಹಿತ್ತಾಳೆ ಡಬ್ಬಿಗೆ ತುಂಬಿ, ತಿರುಪು ಬಿಗಿದು, ಹೆಂಡತಿಯ ಒಲೆಯ ಮೇಲೆ ಹೆಂಡತಿಯದೇ ಪಾತ್ರೆಯಲ್ಲಿ ಬೇಯಿಸುತ್ತಿದ್ದ. ಅವಳು ಹಾಲು ಕಾಯಿಸಲು ಬಂದರೆ, "ಸ್ವಲ್ಪ ತಡಿಯೇ, ವಸಡು ಬೇಯ್ತಿದೆ," ಅನ್ನುತ್ತಿದ್ದ. ಹಿಟ್ಟು ಯಾವುದು, ಅಚ್ಚಿನ ಪ್ಲಾಸ್ಟರು ಯಾವುದು ಎಂದು ಅವಳು ದಿನವೂ ನಾಲಿಗೆಗೆ ಹಚ್ಚಿ ನೋಡಿಯೇ ಕಲಸಬೇಕು.

ಮನೆಯಲ್ಲಿ ಬೇರೆ ಕೋಣೆ ಇರಲಿಲ್ಲವೇ ಅಂದರೆ, ಇತ್ತು. ಬೀದಿಗೆ ಕಿಟಕಿಯಿದ್ದ ದೊಡ್ಡ ಕೋಣೆ. ಅದರಲ್ಲಿ ಇಬ್ಬರು ತಾಯಂದಿರು ಮಂಚ ಹಾಕಿಕೊಂಡಿದ್ದರು. ಒಬ್ಬಳು ಅವನನ್ನು ಹೆತ್ತವಳು, ಇನ್ನೊಬ್ಬಳು ಅವನ ಹೆಂಡತಿಯನ್ನು. ಅವನ ತಾಯಿಗೆ ಬೀದಿಯವರು ಇಟ್ಟ ಹೆಸರು ಜೋರಮ್ಮ. ಸೊಸೆಗೆ ನಾಲ್ಕು ಮಾತು ಅನ್ನದೆ ಆಕೆಗೆ ತುತ್ತು ಇಳಿಯದು. ಸೊಸೆಯ ತಾಯಿಗೆ ಇಟ್ಟ ಹೆಸರು ಅಯ್ಯೋಪಾಪ. ಈಕೆ ಯಾರನ್ನೂ ಬೈಯುವವಳಲ್ಲ. ಮೂಲೆಯಲ್ಲಿ ಕೂತು ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಮನೆಮಂದಿಯೆಲ್ಲ ಕೊಲೆ ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಬೇಕು.

ಜೋರಮ್ಮ ಬಂದದ್ದು ಮೊಣಕಾಲು ನೋವು ವಾಸಿಯಾಗುವವರೆಗೆ ಅಂತ. ಆಕೆ ಬಂದ ಸುದ್ದಿ ಕೇಳಿ ಅಯ್ಯೋಪಾಪ ಬಂದಳು, ನನಗೇನು ಮಗಳಿಲ್ಲವೇ ಅಂತ. ಮೊಣಕಾಲು ಎಂದೋ ವಾಸಿಯಾಯಿತು. ಆದರೆ ಬೀಗಿತ್ತಿ ಅಲ್ಲಾಡದೆ ತಾನು ಹೊರಟರೆ ಸೋತ ಹಾಗಲ್ಲವೇ? ಇಬ್ಬರೂ ಬೇರು ಬಿಟ್ಟರು.

ಇಬ್ಬರಿಗೂ ಸೆಟ್ಟು ಮಾಡಿದವನು ಅವನೇ. ಅಳತೆ ಸರಿಯಾಗಿಯೇ ತೆಗೆದಿದ್ದ. ಕೆಲಸದಲ್ಲಿ ಆತ ದಡ್ಡನಲ್ಲ, ಉಳಿದೆಲ್ಲದರಲ್ಲೂ ದಡ್ಡ. ಕೊಡುವ ದಿನ ಯಾರಿಗೆ ಮೊದಲು ಎನ್ನುವ ಜಗಳ ಹುಟ್ಟಿತು.

"ಹೆತ್ತವಳಿಗೆ ಮೊದಲು ಕೊಡೋ," ಎಂದಳು ಜೋರಮ್ಮ.

"ನಂಗೇನು, ಕೊನೆಗೇ ಕೊಡಿ. ಕೊಡದಿದ್ರೂ ನಡೆಯುತ್ತೆ," ಎಂದಳು ಅಯ್ಯೋಪಾಪ.

ಆ ದನಿ ಕೇಳಿದ ಮೇಲೆ ಕೊನೆಗೆ ಕೊಡುವ ಧೈರ್ಯ ಯಾವ ಅಳಿಯನಿಗಿದೆ? ನಮ್ಮ ಮಹಾಶಯ ಎರಡು ಕೈಯಲ್ಲಿ ಎರಡು ಸೆಟ್ಟು ಹಿಡಿದು, ಯಾರ ಮುಖವೂ ಕಾಣದಂತೆ ಕಣ್ಣು ಮುಚ್ಚಿ, ಒಟ್ಟಿಗೆ ಚಾಚಿದ. ಅಷ್ಟರಲ್ಲಿ ಕಿಟಕಿ ಪಕ್ಕದ ಕುರ್ಚಿಗಾಗಿ ಕಿತ್ತಾಡಿ ಅವರಿಬ್ಬರೂ ಜಾಗ ಬದಲಿಸಿಕೊಂಡಿದ್ದರು. ಹಾಕಿ ನೋಡೋಣ ಅಂದರೆ ಬೀಗಿತ್ತಿಯ ಎದುರು ಬೋಳು ಬಾಯಿ ತೆರೆಯಲು ಒಬ್ಬಳೂ ಒಪ್ಪಲಿಲ್ಲ. ಗೋಡೆಗೆ ತಿರುಗಿ ತುರುಕಿಕೊಂಡರು.

ಅಂದಿನಿಂದ ಅವಳ ಹಲ್ಲು ಇವಳ ಬಾಯಲ್ಲಿ, ಇವಳದ್ದು ಅವಳ ಬಾಯಲ್ಲಿ. ಜೋರಮ್ಮನ ವಸಡು ಹುಣ್ಣಾಯಿತು. ಅಯ್ಯೋಪಾಪ ಸೀನುವ ಮೊದಲು ಬಾಯಿಗೆ ಕೈ ಅಡ್ಡ ಹಿಡಿಯಬೇಕಾಯಿತು. ಆದರೆ ಬೀಗಿತ್ತಿ ಸುಮ್ಮನಿರುವಾಗ ತಾನು ನೋವು ಎನ್ನುವುದುಂಟೇ? "ಹೇಗಿದೆಯಮ್ಮಾ?" ಎಂದು ಮಗ ಕೇಳಿದರೆ, "ಹುಟ್ಟುವಾಗ್ಲೇ ತಂದ ಹಾಗಿದೆ ಕಣೋ," ಅನ್ನುತ್ತಿದ್ದಳು ಜೋರಮ್ಮ, ಕಣ್ಣಲ್ಲಿ ನೀರು ತುಂಬಿಕೊಂಡು. ಅವನು ಅದನ್ನು ಆನಂದಬಾಷ್ಪ ಎಂದುಕೊಂಡ. ಅಡುಗೆ ಮಾತ್ರ ದಿನದಿಂದ ದಿನಕ್ಕೆ ನುಣ್ಣಗಾಗುತ್ತ ಹೋಯಿತು. ಅಗಿಯಲು ಆಗದಿದ್ದರೆ ತಪ್ಪು ಹಲ್ಲಿನದ್ದಲ್ಲ, ಬೇಯಿಸಿದವಳದ್ದು.

ಹೀಗಿರುವಾಗ ಪೇಟೆಯಲ್ಲಿ ಹೊಸದಾಗಿ ಹಲ್ಲಿನ ಆಸ್ಪತ್ರೆ ತೆರೆದ ಡಾಕ್ಟರಮ್ಮ ಸೆಟ್ಟು ಮಾಡುವವನೊಬ್ಬನನ್ನು ಹುಡುಕತೊಡಗಿದಳು. ಕೆಲಸ ಸಿಕ್ಕವನಿಗೆ ಆಸ್ಪತ್ರೆಯ ಹಿಂದೆ ಕೋಣೆ, ಕೋಣೆಯಲ್ಲೇ ಒಲೆ. ಅದನ್ನು ಕೇಳಿದಾಗಿನಿಂದ ಹೆಂಡತಿಗೆ ಬೇರೆ ಯೋಚನೆಯೇ ಇಲ್ಲ. ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ತನ್ನ ಅಡುಗೆಮನೆ ತನಗೆ ವಾಪಸು ಬೇಕು, ಅಷ್ಟೇ.

"ಡಾಕ್ಟರಮ್ಮನ್ನ ಮನೆಗೇ ಕರೆದಿದ್ದೀನಿ," ಎಂದು ಎದೆ ಉಬ್ಬಿಸಿಕೊಂಡು ಬಂದ ಗಂಡ. "ನನ್ನ ಕೆಲಸ ಹೇಗಿದೆ ಅನ್ನೋದಕ್ಕೆ ನಮ್ಮ ಅಮ್ಮಂದಿರ ಬಾಯೇ ಸಾಕ್ಷಿ ಅಂದೆ."

"ಊರಲ್ಲಿ ಬೇರೆ ಬಾಯಿ ಸಿಗಲಿಲ್ವಾ ನಿಮಗೆ?" ಎಂದಳು ಹೆಂಡತಿ. ಆದರೂ ನೆಲ ಒರೆಸಿದಳು. ಜಗಳಕ್ಕೆ ಆಸ್ಪದವಾಗದಂತೆ ಒಂದೇ ಗಾತ್ರದ ಎರಡು ಸೇಬು ಆರಿಸಿ ತಂದಳು.

ಡಾಕ್ಟರಮ್ಮ ಬಂದು ಕೂತಳು. ಜೋರಮ್ಮ ಕಾಯಲಿಲ್ಲ.

"ನೋಡಿ ಡಾಕ್ಟ್ರೇ, ಕಲ್ಲು ಕೊಟ್ರೂ ಕಡೀತೀನಿ," ಎಂದವಳೇ ಸೇಬನ್ನು ಕಚ್ಚಿದಳು. ಕೈ ಕೆಳಗೆ ಬಂತು, ಸೇಬು ಕೆಳಗೆ ಬಂತು, ಸೇಬಿನ ಜತೆ ಮೇಲಿನ ಸಾಲೂ ಕೆಳಗೆ ಬಂತು. ಅಯ್ಯೋಪಾಪ ಹೋ ಎಂದು ನಕ್ಕುಬಿಟ್ಟಳು. ಆಕೆ ನಗಬಲ್ಲಳು ಎಂಬುದು ಮಗಳಿಗೂ ಗೊತ್ತಿರಲಿಲ್ಲ. ಮರುಕ್ಷಣ ಅವಳದ್ದೂ ಜಾರಿ ಮಡಿಲಿಗೆ ಬಿತ್ತು.

ಡಾಕ್ಟರಮ್ಮ ಕೆಳಗಿನ ಸಾಲುಗಳನ್ನೂ ತೆಗೆಸಿ, ಎರಡು ಸೆಟ್ಟನ್ನೂ ತೊಳೆದು ತಿರುಗಿಸಿ ನೋಡಿದಳು. ಇಬ್ಬರ ಗಲ್ಲ ಹಿಡಿದು ಬಾಯೊಳಗೆ ಇಣುಕಿದಳು.

"ಇವರದ್ದು ಅವರು ಹಾಕ್ಕೊಂಡಿದ್ದಾರೆ, ಅವರದ್ದು ಇವರು. ಕೆಲಸ ಏನೋ ಅಚ್ಚುಕಟ್ಟಾಗಿದೆ ಕಣ್ರೀ. ಅದಲು ಬದಲು ಮಾಡಿ ಹಾಕ್ಕೊಳ್ಲಿ, ಸರಿಯಾಗಿ ಕೂತ್ರೆ ನಾಳೆಯಿಂದ್ಲೇ ನೀವು ಬಂದುಬಿಡಿ."

ಹೆಂಡತಿಗೆ ಆಸೆ ಚಿಗುರಿತು. ಇಷ್ಟೇ ತಾನೇ? ಇಬ್ಬರು ಮುದುಕಿಯರು ಒಂದು ಸಲ ಬಾಯಿ ತೆರೆದರೆ ಮುಗಿಯಿತು.

"ಅತ್ತೆ, ಹಾಕ್ಕೊಳ್ಳಿ, ಒಂದೇ ನಿಮಿಷ."

"ಅವಳ ಎಂಜಲನ್ನಾ?"

"ಇಷ್ಟು ದಿನ ನಿಮ್ಮ ಬಾಯಲ್ಲಿದ್ದದ್ದು ಅವರ ಹಲ್ಲೇ ಅಲ್ವಾ ಅತ್ತೆ!"

"ಹಲ್ಲು ಅವಳದ್ದಿರಬಹುದು. ಎಂಜಲು ನನ್ನದು!"

ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮಾ, ನೀನಾದ್ರೂ ಹಾಕ್ಕೋ. ನಿನ್ನ ಕಾಲಿಗೆ ಬೀಳ್ತೀನಿ."

"ನಂದೇನಿದೆಯಮ್ಮ. ನನ್ನ ಹಲ್ಲಲ್ಲಿ ತಿಂದು ತೇಗಿದವರು ತಪ್ಪಾಯ್ತು ಅನ್ಲಿ, ಹಾಕ್ಕೋತೀನಿ. ಅನ್ನದಿದ್ರೂ ನಡೆಯುತ್ತೆ," ಎಂದು ಅಯ್ಯೋಪಾಪ ತುಟಿ ಬಿಗಿದು ನಿಟ್ಟುಸಿರನ್ನು ಮೂಗಿನಿಂದಲೇ ಬಿಟ್ಟಳು.

"ನಾನು ತಪ್ಪಾಯ್ತು ಅನ್ಬೇಕಾ? ಬೀಗಿತ್ತಿ ಅಂತ ಸುಮ್ನಿದ್ರೆ ಬಾಯೊಳಗಿಂದ್ಲೇ ಕದ್ದಿದ್ದಾಳೆ ಇವಳು!"

"ನೀವೊಂದು ಮಾತು ಹೇಳ್ರೀ," ಎಂದು ಹೆಂಡತಿ ಗಂಡನ ತೋಳು ಅಲ್ಲಾಡಿಸಿದಳು.

"ಹೆತ್ತವಳಿಗೆ ಹೇಗೇ ಹೇಳಲಿ?"

"ಹಾಗಾದ್ರೆ ನಮ್ಮಮ್ಮನಿಗೆ ಹೇಳಿ."

"ಅತ್ತೆಗೆ ಹೇಗೇ ಹೇಳಲಿ?"

ಊರಿನ ಮುದುಕರಿಗೆಲ್ಲ ಕಚ್ಚುವ ಶಕ್ತಿ ಕೊಟ್ಟವನಿಗೆ ತನ್ನ ಬಾಯಿ ಬಿಡಲು ಬರಲಿಲ್ಲ. ಡಾಕ್ಟರಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು, ಹಾಳಾದ ಹಲ್ಲನ್ನು ಉಳಿಸುವುದೋ ಕೀಳುವುದೋ ಎಂದು ನೋಡುವ ಹಾಗೆ.

"ಯಾರದ್ದು ಯಾರಿಗೆ ಅಂತ ಗೊತ್ತಾದ ಮೇಲೂ ಕೊಡಕ್ಕಾಗದವರ ಕೈಗೆ ನನ್ನ ರೋಗಿಗಳನ್ನ ಹೇಗೆ ಒಪ್ಪಿಸಲಿ?" ಎಂದು ಎದ್ದು ಕೈ ತೊಳೆದು ಹೊರಟೇಹೋದಳು.

ಬಾಗಿಲು ಮುಚ್ಚಿಕೊಂಡಿತು. ಅವರವರ ಮಂಚದ ಮೇಲೆ ಒರಗುತ್ತ ಇಬ್ಬರು ತಾಯಂದಿರೂ ಬಹಳ ದಿನಕ್ಕೆ ಒಂದೇ ಮಾತು ಆಡಿದರು.

"ಸದ್ಯ, ತೊಲಗಿದ್ಲು."

"ಹೂಂ, ತೊಲಗಿದ್ಲು. ಮಗಳೇ, ಸ್ವಲ್ಪ ಹಾಲು ಕಾಯಿಸಿ ಕೊಡ್ತೀಯಾ? ಆಗದಿದ್ರೆ ಬೇಡ."

ಹೆಂಡತಿ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಯಾರದ್ದೋ ವಸಡು ಕುದಿಯುತ್ತಿತ್ತು. ಒಲೆ ಆರಿಸಿದಳು. ಬಟ್ಟೆಯಲ್ಲಿ ಹಿಡಿದು ಪಾತ್ರೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ದೊಡ್ಡ ಕೋಣೆಯ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮತ್ತೆ ಬಂದು ಪ್ಲಾಸ್ಟರಿನ ಮೂಟೆಯನ್ನು ನೆಲದ ಮೇಲೆ ದರದರ ಎಳೆದುಕೊಂಡು ಹೋಗಿ ಜೋರಮ್ಮನ ಕಾಲ ಹತ್ತಿರ, ಹಾಸಿಗೆಯ ಮೇಲೇ ಹಾಕಿದಳು. ಮೇಣದ ಉಂಡೆಗಳು, ಹಲ್ಲು ಉಜ್ಜಿ ನಯ ಮಾಡುವ ಅರಗಳು, ದ್ರಾವಣದ ಸೀಸೆಗಳು ಅಯ್ಯೋಪಾಪಳ ದಿಂಬಿನ ಸುತ್ತ ಬಂದು ಕೂತವು.

"ಏನೇ ಇದು?" ಎಂದ ಗಂಡ.

"ನಿಮ್ಮ ಕಾರ್ಖಾನೆ. ಇನ್ಮೇಲೆ ಇಲ್ಲೇ."

ಬೋಳು ಬಾಯಲ್ಲಿ ಜೋರಮ್ಮ ಅರಚಿದಳು. "ನೋಡೋ, ನೋಡೋ! ಅವಳ ಮಂಚಕ್ಕೆ ಹಗುರಾದ ಮೇಣ, ನನ್ನ ಮಂಚಕ್ಕೆ ಮೂಟೆ! ತಾಯಿ ಮಗಳು ಸೇರ್ಕೊಂಡು ಮಾಡ್ತಿರೋದು!"

"ಇರಲಿ ಬಿಡಿ, ವಾಸನೆಯ ಸೀಸೆಯೆಲ್ಲ ನನ್ನ ತಲೆ ಹತ್ತಿರಾನೇ ಇರಲಿ," ಎಂದಳು ಅಯ್ಯೋಪಾಪ. "ಇನ್ನೆಷ್ಟು ದಿನ ನಾನು."

ಹೆಂಡತಿ ಅಡುಗೆಮನೆಗೆ ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಗಂಡ ಹೊರಗೆ ನಿಂತು ಮೆತ್ತಗೆ ಬಡಿದ.

"ಅಲ್ಲಿ ಒಲೆ ಇಲ್ವಲ್ಲೇ. ನಾನು ಹಲ್ಲು ಬೇಯಿಸೋದು ಎಲ್ಲಿ?"

"ಅಮ್ಮಂದಿರನ್ನ ಕೇಳಿ," ಎಂದಳು ಅವಳು. "ಯಾರನ್ನ ಮೊದಲು ಕೇಳ್ತೀರೋ ನೀವೇ ನೋಡ್ಕೊಳ್ಳಿ."